ಕಾರ್ಯಚಿಂತಕನಾದ ವಕೀಲ

ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಮೂಹದ ಕೆಲಸವನ್ನು ನೋಡಿಕೊಳ್ಳುವವರಿಗೆ ‘ಕಾರ್ಯಚಿಂತಕರು’ ಎಂಬ ಹೆಸರುಂಟು. ಅವರು ಧರ್ಮವನ್ನರಿತವರೂ ಶುಚಿಗಳೂ ಲೋಭವಿಲ್ಲದವರೂ ಆಗಿರತಕ್ಕದ್ದೆಂದು ಸ್ಮೃತಿಯು ವಿಧಿಸುತ್ತದೆ. ಸಮೂಹದ ಕೆಲಸಕ್ಕೆಂದು ಹೋದವನು ಅಲ್ಲಿ ತನಗೆ ದೊರೆತುದನ್ನು ತಾನಾಗಿಯೇ ತಂದೊಪ್ಪಿಸಬೇಕು. ಒಪ್ಪಿಸದಿದ್ದರೆ ಅದರ ಹನ್ನೊಂದರಷ್ಟನ್ನು ಅವನಿಂದ ಕೊಡಿಸಬೇಕು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಇದ್ದವನು. ಹಿಂದೂ ದಾಯಭಾಗದ ವ್ಯಾಜ್ಯಗಳಲ್ಲಿ ಮಿತಾಕ್ಷರೆಯ ಹೆಸರನ್ನೆತ್ತದ ವಕೀಲರು ವಿರಳ. ಆದರೆ ಅದೇ ಗ್ರಂಥದೊಳಗಿನ ಕಾರ್ಯಚಿಂತಕರ ಮಾತು ಅವರ ಕಿವಿಗೆ ಬೀಳುವುದು ಕಡಿಮೆ.

ವಿಜಯಪುರದ ಇಬ್ರಾಹಿಂಪುರವನ್ನೇ ತೆಗೆದುಕೊಳ್ಳಬಹುದು. ಗದಗ–ಹೊಟಗಿ ರೇಲ್ವೆ ಮಾರ್ಗದ ಮೇಲೆ ತನ್ನದೇ ಚಿಕ್ಕ ನಿಲ್ದಾಣವುಳ್ಳ ಬಡಾವಣೆಯಿದು. ನಗರವು ಬೆಳೆದ ಕಡೆಗೆ ಹೊಲಗಳು ನಿವೇಶನಗಳಾಗುತ್ತವೆ. ನಿವೇಶನಗಳಾದಲ್ಲಿ ದಾರಿ, ಗಟಾರ, ಮೇರೆ, ಮನೆಪಟ್ಟಿಗಳ ತಕರಾರು ಹುಟ್ಟುತ್ತವೆ. 2013ರಲ್ಲಿ ನಗರಸಭೆಯು ಮಹಾನಗರ ಪಾಲಿಕೆಯಾಯಿತು. 2022ರಲ್ಲಿ 35 ವಾರ್ಡುಗಳಿಗೆ ಚುನಾವಣೆ ನಡೆಯಿತು. ಇಂಥ ಒಂದು ವಾರ್ಡಿನಿಂದ ವಕೀಲರೊಬ್ಬರು ಆರಿಸಿ ಬಂದರೆಂದು ಭಾವಿಸೋಣ. ಇದು ಕೇವಲ ಕಲ್ಪನೆ. ಇದ್ದವರನ್ನು ಕುರಿತ ಮಾತಲ್ಲ.

ವಕೀಲರು ಊರಿನ ಸಭೆಗೆ ಬರುವುದು ಹೊಸದೇನೂ ಅಲ್ಲ. 1882ರಲ್ಲಿ ರಿಪನ್ನರ ನಿರ್ಣಯದಿಂದ ಸ್ಥಾನಿಕ ಸ್ವರಾಜ್ಯಕ್ಕೆ ಬಲ ಬಂದಂದಿನಿಂದ ಅವರೇ ಮುಂದಾಳುಗಳು. ಮುಂಬಯಿಯಲ್ಲಿ ಫಿರೋಜಶಹಾ ಮೆಹತಾ ಇದ್ದರು. ಅಹಮದಾಬಾದಿನಲ್ಲಿ ಬ್ಯಾರಿಸ್ಟರ ವಲ್ಲಭಭಾಯಿ ಪಟೇಲರು 1917ರಲ್ಲಿ ಮುನಸಿಪಾಲಿಟಿಯನ್ನು ಸೇರಿ 1924ರಲ್ಲಿ ಅಧ್ಯಕ್ಷರಾದರು. ವಿಜಾಪುರದ ಫ.ಗು. ಹಳಕಟ್ಟಿಯವರೂ (1880–1964) ವೃತ್ತಿಯಿಂದ ವಕೀಲರೇ. ಊರಿನ ಶಾಲೆ, ಬ್ಯಾಂಕು, ಪುರಸಭೆಗಳ ಕಾರ್ಯದಲ್ಲಿ ದುಡಿದು, ಗಳಿಸಿದ್ದನ್ನು ವಚನಗಳ ಮುದ್ರಣಕ್ಕೆ ಸುರಿದರು. ಕಾಯಿದೆಯನ್ನು ಓದಬಲ್ಲ, ನಾಲ್ಕು ಜನರೆದುರು ನಿಂತು ಮಾತನಾಡಬಲ್ಲ, ಸರಕಾರದ ಸಂಬಳಕ್ಕೆ ಕಟ್ಟುಬೀಳದ ಮನುಷ್ಯರು ಸಣ್ಣ ಊರುಗಳಲ್ಲಿ ಬೇರೆ ಯಾರಿದ್ದರು? ಪಟೇಲರ ವಿಷಯದಲ್ಲಿ ಒಂದು ಸಂಗತಿ ಗಮನಾರ್ಹ: ಅಸಹಕಾರ ಕಾಲದಲ್ಲಿಯೇ ಅವರು ವಕೀಲಿಯನ್ನು ಬಿಟ್ಟಿದ್ದುದರಿಂದ, ಅಧ್ಯಕ್ಷಪದಕ್ಕೆ ಬಂದಾಗ ಈ ತೊಡಕು ಅವರಿಗಿರಲಿಲ್ಲ. ಎಲ್ಲರಿಗೂ ಹಾಗೆ ಬಿಡುವುದು ಸಾಧ್ಯವಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಷ್ಟೆ.

ಸಂಜೆಯ ಹೊತ್ತಿಗೆ ನೆರೆಯವನೊಬ್ಬ ಪಾಲಿಕೆಯ ನೋಟೀಸನ್ನು ಹಿಡಿದು ನಮ್ಮ ಕಲ್ಪನೆಯ ವಕೀಲರ ಮನೆಗೆ ಬರುತ್ತಾನೆ. ಅವನ ಕಂಪೌಂಡಿನ ಗೋಡೆ ಗಟಾರದ ಜಾಗವನ್ನು ಒತ್ತಿದೆಯೆಂದು ಅದರ ಒಕ್ಕಣೆ. “ವಕೀಲ ಸಾಹೇಬ್ರ, ನೀವ ಸಭಾದಾಗ ಕುಂತೀರಿ. ನಮಗ ಬ್ಯಾರೆ ವಕೀಲ ಯಾಕ ಬೇಕ್ರಿ?” ಈ ಪ್ರಶ್ನೆಯಲ್ಲಿ ಕಪಟವಿಲ್ಲ. ತಾನು ಕೊಟ್ಟ ಮತವು ಒಂದೇ ಮನೆಯಲ್ಲಿ ಎರಡು ಕೆಲಸಗಳನ್ನು ಮಾಡಿಸಿಕೊಡುವುದೆಂದು ಅವನು ತಿಳಿದಿರುವನು. ವಕೀಲರಿಗೂ ಅವನ ಮೇಲೆ ಸ್ನೇಹವಿದೆ. ಕೇಡು ಬರುವುದು ಹೆಚ್ಚಾಗಿ ಇಂಥ ಸ್ನೇಹದ ಬಾಗಿಲಿನಿಂದಲೇ.

ಕಾಯಿದೆಯು ಒಂದು ಬಾಗಿಲನ್ನು ಮುಚ್ಚಿದೆ. ಪಾಲಿಕೆಯ ಪರವಾಗಿ ಫೀ ಪಡೆಯುವ ವಕೀಲನೂ ಪಾಲಿಕೆಯ ವಿರುದ್ಧ ವಕೀಲಿ ಮಾಡುವವನೂ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮದ 26ನೆಯ ಪ್ರಕರಣದ ಮೇರೆಗೆ ಸದಸ್ಯತ್ವಕ್ಕೆ ಅನರ್ಹರು. ಯಾವ ಸಂಸ್ಥೆಯ ಆಡಳಿತ ಮಂಡಲಿಯಲ್ಲಿ ವಕೀಲನು ಸದಸ್ಯನೋ ಆ ಸಂಸ್ಥೆಯ ಪರವಾಗಿಯೂ ವಿರುದ್ಧವಾಗಿಯೂ ಅವನು ನ್ಯಾಯಾಲಯದಲ್ಲಿ ನಿಲ್ಲಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೂ ಹೇಳುತ್ತದೆ. ಆದುದರಿಂದ ಕೋರ್ಟಿನಲ್ಲಿ ನಿಲ್ಲುವ ಮಾತು ಅಲ್ಲಿಗೇ ಮುಗಿಯಿತು. ತನ್ನ ಕೈಕೆಳಗಿನ ಕಿರಿಯ ವಕೀಲನ ಹೆಸರಿನಲ್ಲಿ ವಕಾಲತ್ತು ಹಾಕಿಸಿ ಹಿಂದಿನಿಂದ ಸೂತ್ರವಾಡಿಸುವವರನ್ನು ಕುರಿತು ಇಲ್ಲಿ ಬರೆಯುವುದಕ್ಕೇನೂ ಇಲ್ಲ. ಅವರಿಗೆ ತಮ್ಮ ಕೆಲಸದ ಹೆಸರು ಗೊತ್ತಿದೆ.

ನಿಜವಾದ ಕಷ್ಟವು ಪ್ರಾಮಾಣಿಕನಾದ ವಕೀಲನದು. ನೆರೆಯವನು ನೋಟೀಸಿನೊಡನೆ ಹಳೆಯ ನಕ್ಷೆಯನ್ನೂ ಬಿಚ್ಚಿ, ಗೋಡೆ ಎರಡು ಅಡಿ ಹೊರಗೆ ಬಂದಿರುವುದು ದಿಟವೆಂದು ಮೆಲ್ಲಗೆ ಹೇಳಿಬಿಟ್ಟನೆನ್ನಿ. ಪಕ್ಷಕಾರನು ಸಲಹೆಗಾಗಿ ಹೇಳಿದ ಮಾತನ್ನು ವಕೀಲನು ಬಯಲು ಮಾಡುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯ 126ನೆಯ ಪ್ರಕರಣದಲ್ಲಿದ್ದ ಈ ಕಟ್ಟಳೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯದರಲ್ಲಿಯೂ ಉಳಿದಿದೆ. ಮುಂದಿನ ತಿಂಗಳು ಸಭೆಯಲ್ಲಿ ಆ ಓಣಿಯ ಗಟಾರದ ಪ್ರಶ್ನೆಯೇ ಬರುತ್ತದೆ. ಮಳೆಗಾಲದಲ್ಲಿ ಕೆಳಗಿನ ಹತ್ತು ಮನೆಗಳೊಳಗೆ ನೀರು ನುಗ್ಗುತ್ತಿದೆ. ವಾರ್ಡಿನ ಸದಸ್ಯನು ಮಾತನಾಡಿದರೆ ಪಕ್ಷಕಾರನ ಗುಟ್ಟಿಗೆ ದ್ರೋಹ. ಏನೂ ತಿಳಿಯದವನಂತೆ ಕುಳಿತರೆ ಮತ ಕೊಟ್ಟವರಿಗೆ ದ್ರೋಹ. ಎದ್ದು ಹೊರಗೆ ಹೋದರೆ ಆ ಹೋಗುವಿಕೆಯೇ ಅರ್ಧ ಗುಟ್ಟನ್ನು ಹೇಳಿಬಿಡುತ್ತದೆ. ಮೇಲಾಗಿ ಆ ಹತ್ತು ಮನೆಗಳ ಪರವಾಗಿ ಮಾತನಾಡುವ ವಾರ್ಡಿನ ಒಂದೇ ಕಂಠವು ಅಂದು ಇಲ್ಲದಂತಾಗುತ್ತದೆ. ಅದೇ ಸದಸ್ಯನು ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿಯಲ್ಲಿದ್ದರೆ ಹೊಣೆ ಇನ್ನೂ ಭಾರ. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ತಪ್ಪು ನಿರ್ಣಯ ಮಾಡಿದ ಸಭ್ಯರಲ್ಲಿ ಒಬ್ಬೊಬ್ಬರಿಗೂ ವ್ಯಾಜ್ಯದಲ್ಲಿ ಸೋತವನು ತೆರಬೇಕಾದ ದಂಡದ ಇಮ್ಮಡಿ ದಂಡವೆಂದು ಯಾಜ್ಞವಲ್ಕ್ಯನ ವಿಧಿ. ಸ್ನೇಹವನ್ನು ಆತನು ಬೇರೆ ಹೆಸರಿಸಲಿಲ್ಲ. ರಾಗದಲ್ಲಿಯೇ ಅದು ಅಡಗಿದೆ.

ಇಂಗ್ಲಂಡಿನಲ್ಲಿ 2011ರ ಕಾಯಿದೆಯಂತೆ ಸ್ಥಾನಿಕ ಸಭೆಗಳ ಸದಸ್ಯರು ತಮ್ಮ ಉದ್ಯೋಗ, ಆಸ್ತಿ, ಗುತ್ತಿಗೆಗಳನ್ನು ದಾಖಲೆಯಲ್ಲಿ ಬರೆಯಿಸಬೇಕು; ಅದನ್ನು ಯಾರೂ ನೋಡಬಹುದು. ಒಳ್ಳೆಯದೇ. ಆದರೆ ಆ ದಾಖಲೆಯಲ್ಲಿ ‘ವಕೀಲ’ ಎಂಬ ಉದ್ಯೋಗದ ಹೆಸರನ್ನು ಓದಿದವನಿಗೆ, ಅವನ ಮನೆಯಲ್ಲಿ ನಿನ್ನೆ ಸಂಜೆ ಯಾರು ಕುಳಿತಿದ್ದರೆಂಬುದು ಹೇಗೆ ತಿಳಿದೀತು?

ಆದುದರಿಂದ ನಕ್ಷೆಯನ್ನು ಬಿಚ್ಚುವ ಮೊದಲೇ ಕೈ ಅಡ್ಡ ಹಿಡಿಯುವುದೊಂದೇ ವಕೀಲನಿಗೆ ಉಳಿದ ದಾರಿ. ಬಂದವನನ್ನು ಇನ್ನೊಬ್ಬ ವಕೀಲನ ಕಡೆಗೆ, ಬಡವನಾದರೆ 1987ರ ಕಾಯಿದೆಯಂತೆ ಏರ್ಪಟ್ಟ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಡೆಗೆ ಕಳಿಸಬಹುದು. ಪಾಲಿಕೆಯ ಮುದ್ರೆ ಬಿದ್ದ ಯಾವ ಕಾಗದವನ್ನೂ ಐದು ವರ್ಷ ಮುಟ್ಟುವುದಿಲ್ಲವೆಂದು ಮತ ಕೇಳುವಾಗಲೇ ಹೇಳಿಬಿಟ್ಟರೆ ಇನ್ನೂ ಸುಲಭ. ಇದರಲ್ಲಿ ನಷ್ಟವಿಲ್ಲವೆಂದಲ್ಲ. ಬೆಳೆಯುವ ಬಡಾವಣೆಯ ವಕೀಲನಿಗೆ ಬರುವ ಕಾಗದಗಳಲ್ಲಿ ಅಂಥವೇ ಬಹಳ. ಸದಸ್ಯನ ಗೌರವಧನದಿಂದ ಆ ಫೀ ತುಂಬಿಬರುವುದಿಲ್ಲ. ನಿಲ್ಲುವ ಮುನ್ನ ಈ ಲೆಕ್ಕವನ್ನು ಅವನು ಮನೆಯವರೊಡನೆ ಕುಳಿತು ಹಾಕತಕ್ಕದ್ದು.