ಅರ್ಧ ಇಂಚಿನ ನಿಪ್ಪಲ್

ಔಷಧಿ ಹೊಡೆಯುವ ಪಂಪಿನ ಅರ್ಧ ಇಂಚಿನ ನಿಪ್ಪಲ್ ಮುರಿದಿತ್ತು. ಸುದ್ದಿಗೆಂದು ಬೆಳಗಾವಿಯ ಉದ್ಯಮಬಾಗಕ್ಕೆ ಹೋದವನು ಒಂದು ವರ್ಕ್‌ಶಾಪಿನಲ್ಲಿ ಹೊಸದು ಮಾಡಿಸಿದೆ. ‘ಯಾವ ಥ್ರೆಡ್ಡು ಸರ್?’ ಅಂದ ಹುಡುಗನಿಗೆ ‘ಮಾಮೂಲಿ ಪೈಪಿಂದು’ ಅಂದೆ. ಪ್ರಶ್ನೆ ಕೇಳೋದೇ ನನ್ನ ಕಸುಬು, ಉತ್ತರ ಮಾತ್ರ ಹೀಗೆ! ಊರಲ್ಲಿ ಎರಡು ಸುತ್ತು ಸಲೀಸಾಗಿ ಹೋಯ್ತು. ಟೇಪು ಸುತ್ತಿದರೂ ಸೋರಿ ಅಪ್ಪನ ಕೈಯೆಲ್ಲ ಔಷಧಿ.

ಈ ಸಲ ಪಂಪನ್ನೇ ಒಯ್ದೆ. ಹುಡುಗ ಕ್ಯಾಡ್‌ನಲ್ಲಿ ಎರಡು ಥ್ರೆಡ್ಡಿನ ಚಿತ್ರ ಒಂದರ ಮೇಲೊಂದು ಇಟ್ಟ. ಎರಡಕ್ಕೂ ಇಂಚಿಗೆ 14 ಹಲ್ಲು, 16ಕ್ಕೆ 1ರ ಇಳಿಜಾರು. ಆದರೆ ನಮ್ಮ ಬಿಎಸ್‌ಪಿಟಿ ಹಲ್ಲಿನ ಕೋನ 55 ಡಿಗ್ರಿ, ಪಂಪಿನ ಅಮೆರಿಕನ್ ಎನ್‌ಪಿಟಿಯದು 60. ‘ಕೂತಂಗ ಕಾಣ್ತದ, ಸಂದಿ ಉಳೀತದ್ರೀ.’ ಟಿಪ್ಪು ಬದಲಿಸಿ, ಕ್ಯಾಮ್ ಪ್ರೋಗ್ರಾಂ ತಿದ್ದಿ ಮತ್ತೆ ಕೊರೆದ.

ಸೋರಲಿಲ್ಲ. ಅಪ್ಪ ಮಾತ್ರ ಈಗಲೂ ಪಂಪು ಚಾಲೂ ಮಾಡಿದ ಕೂಡಲೇ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ.