ಖಾಲಿ ಸಮಾಧಿಯಿಂದ ಸರೋವರದ ದಡಕ್ಕೆ

ಸೋದರಿಯರೇ, ಯುಗಾದಿಯ ಹಿಂದೆಮುಂದೆ ನಮ್ಮ ಈಸ್ಟರ್ ಹಬ್ಬ ಬರುವುದು ನಿಮಗೆಲ್ಲ ಗೊತ್ತೇ ಇದೆ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಅದು. ಪಕ್ಕದ ಮನೆಯ ಅಕ್ಕ ಒಮ್ಮೆ ನನ್ನನ್ನು ಕೇಳಿದ್ದರು: “ಶುಕ್ರವಾರ ಬಿಳಿ ಸೀರೆ ಉಟ್ಟು ಅಳುತ್ತೀರಿ, ಭಾನುವಾರ ನಗುತ್ತೀರಿ. ಎರಡು ದಿನದಲ್ಲಿ ಎಂತ ಆಯ್ತು ಮಾರಾಯ್ತಿ?”

ಶಿಲುಬೆಯ ಮೇಲೆ ಸತ್ತ ಯೇಸುಸ್ವಾಮಿ ಮೂರನೆಯ ದಿನ ಎದ್ದು ಬಂದ, ಅದೇ ಪುನರುತ್ಥಾನ ಎಂದು ಬಾಯಿಪಾಠದ ಉತ್ತರ ಹೇಳಿದ್ದೆ. ಆದರೆ ಆ ಉತ್ತರ ನನಗೇ ಬೇಕಾದ ದಿನ ಅದು ಬಾಯಿಗೆ ಬರಲಿಲ್ಲ.

2017ರ ಮಳೆಗಾಲದಲ್ಲಿ ಎದೆನೋವೆಂದು ಮಲಗಿದ ನಮ್ಮವರು ಮತ್ತೆ ಏಳಲಿಲ್ಲ. ಅವರಿಗೆ ಬಂಗುಡೆ ಸಾರಿಲ್ಲದೆ ಊಟ ಸೇರುತ್ತಿರಲಿಲ್ಲ. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಮೀನಿನ ಮಡಕೆ ಒಲೆಯ ಮೇಲೆ ಕೂರಲೇ ಇಲ್ಲ. ಗಂಜಿ, ಚಟ್ನಿ, ತಿಳಿಸಾರು ಎಂದು ಮಕ್ಕಳಿಬ್ಬರೂ ಮಾತಿಲ್ಲದೆ ಉಂಡು ಏಳುತ್ತಿದ್ದರು. ಭಾನುವಾರ ಆರಾಧನೆ ಮುಗಿದ ಕೂಡಲೇ ನಾನು ಸಮಾಧಿಗೆ ಹೋಗುತ್ತಿದ್ದೆ. ಹುಲ್ಲು ಕೀಳುವುದು, ಹೂ ಬದಲಿಸುವುದು, ಮಧ್ಯಾಹ್ನವಾದರೂ ಅಲ್ಲೇ ಕೂರುವುದು. ಮಕ್ಕಳು ಹಸಿದಿರುತ್ತಾರೆ ಎಂಬ ಯೋಚನೆಯೂ ನನಗೆ ಇರುತ್ತಿರಲಿಲ್ಲ.

ನಮ್ಮತ್ತೆ ಇದನ್ನೆಲ್ಲ ನೋಡುತ್ತಿದ್ದರು. 2019ರ ಫೆಬ್ರವರಿಯಲ್ಲಿ ನಮ್ಮ ಸಭೆಯಿಂದ ಒಂದು ಗುಂಪು ಯೆರೂಸಲೇಮಿನ ಯಾತ್ರೆಗೆ ಹೊರಟಿತು. “ನನ್ನ ಎರಡು ಬಳೆ ಸುಮ್ಮನೆ ಪೆಟ್ಟಿಗೆಯಲ್ಲಿ ಉಂಟು. ನಾವಿಬ್ಬರೂ ಹೋಗುವ” ಎಂದರು ಅತ್ತೆ. ಮಕ್ಕಳನ್ನು ತವರಲ್ಲಿ ಬಿಟ್ಟು ಹೊರಟೆವು.

ಯೆರೂಸಲೇಮಿನ ಹಳೇ ಪೇಟೆ ನಮ್ಮ ರಥಬೀದಿಯ ಸಂತೆಗಿಂತಲೂ ಇಕ್ಕಟ್ಟು. ಮಸಾಲೆಯ ರಾಶಿ, ಬಟ್ಟೆಯಂಗಡಿ ಎಲ್ಲ ದಾಟಿ ಪವಿತ್ರ ಸಮಾಧಿಯ ದೇವಾಲಯಕ್ಕೆ ಹೋಗಬೇಕು. ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ ಮೊದಲ ದೇವಾಲಯ ಪ್ರತಿಷ್ಠೆಯಾದದ್ದು 335ರಲ್ಲಿ. 1009ರಲ್ಲಿ ಅದನ್ನು ಕೆಡವಿದರು. ಮತ್ತೆ ಕಟ್ಟಿದರು. 1808ರಲ್ಲಿ ಬೆಂಕಿ ಬಿತ್ತು. ಈಗ ಸಮಾಧಿಯ ಮೇಲಿರುವ ಪುಟ್ಟ ಗುಡಿ 1810ರದು, 2017ರಲ್ಲಿ ದುರಸ್ತಿ ಮುಗಿದಿತ್ತು. ಕ್ರೈಸ್ತರ ಬೇರೆ ಬೇರೆ ಪಂಗಡಗಳು ಅಲ್ಲಿ ಪಾಲು ಹಂಚಿಕೊಂಡಿವೆ. ಹೆಬ್ಬಾಗಿಲಿನ ಬೀಗದ ಕೈ ನೋಡಿಕೊಳ್ಳುವುದು, ಬಾಗಿಲು ತೆಗೆಯುವುದು ಮಾತ್ರ ತಲೆತಲಾಂತರದಿಂದ ಎರಡು ಮುಸ್ಲಿಂ ಮನೆತನಗಳ ಕೆಲಸ. ನನಗೆ ಇದು ಬಹಳ ಹಿಡಿಸಿತು.

ಬಾಗಿಲ ಒಳಗೇ ನೆಲದಲ್ಲಿ ಒಂದು ಉದ್ದನೆಯ ಕಲ್ಲು. ಯೇಸುವಿನ ದೇಹಕ್ಕೆ ಸುಗಂಧತೈಲ ಹಚ್ಚಿದ ಜಾಗದ ನೆನಪಿಗೆ ಅದನ್ನಿಟ್ಟಿದ್ದಾರೆ. ಎಲ್ಲೆಲ್ಲಿಂದಲೋ ಬಂದ ಹೆಂಗಸರು ಮೊಣಕಾಲೂರಿ, ಎಣ್ಣೆ ಸುರಿದು, ಕರ್ಚೀಫಿನಿಂದ ಒರೆಸಿ ಎದೆಗೊತ್ತಿಕೊಳ್ಳುತ್ತಿದ್ದರು. ಭಾಷೆ ತಿಳಿಯದಿದ್ದರೂ ಅವರ ಅಳು ತಿಳಿಯಿತು.

ತುಂಬ ಹೊತ್ತು ಸಾಲಿನಲ್ಲಿ ನಿಂತ ಮೇಲೆ ನಮ್ಮ ಸರದಿ ಬಂತು. ತಲೆ ಬಗ್ಗಿಸಿ ನುಗ್ಗಬೇಕಾದ ಗಿಡ್ಡ ಬಾಗಿಲು. ಒಳಗೆ ನಾಲ್ಕೈದು ಜನರಿಗಷ್ಟೇ ಜಾಗ. ಒಂದು ಅಮೃತಶಿಲೆಯ ಹಾಸು, ಮೇಲೆ ದೀಪಗಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊರಗೆ ಬನ್ನಿ ಎಂದರು. ನಿಜ ಹೇಳುತ್ತೇನೆ, ನನಗೆ ಏನೂ ಅನಿಸಲಿಲ್ಲ. ಅತ್ತೆಯ ಬಳೆ ದಂಡವಾಯಿತಲ್ಲ ಎಂದು ಕಂಬಕ್ಕೊರಗಿ ಅಳುತ್ತಾ ನಿಂತೆ.

“ಒಳಗೆ ಎಂತ ಕಂಡೆ?” ಅತ್ತೆ ಕೇಳಿದರು.

“ಎಂತದೂ ಇಲ್ಲ ಅತ್ತೆ. ಬರೀ ಕಲ್ಲು.”

“ಆ ಹೆಂಗಸರಿಗೂ ಅಷ್ಟೇ ಕಂಡದ್ದು” ಎಂದರು.

ಯಾವ ಹೆಂಗಸರು ಅಂತೀರಾ? ಶುಕ್ರವಾರ ಸಂಜೆ ಯೇಸುವನ್ನು ಅವಸರದಲ್ಲಿ ಸಮಾಧಿ ಮಾಡಿದರು. ಶನಿವಾರ ಸಬ್ಬತ್ತಿನ ವಿಶ್ರಾಂತಿ. ಭಾನುವಾರ ನಸುಕಿನಲ್ಲಿ ಮಗ್ದಲದ ಮರಿಯಳು, ಅವಳ ಜೊತೆಯವರು ಸುಗಂಧದ್ರವ್ಯ ಹಿಡಿದು ಹೊರಟರು. ಬಾಗಿಲ ಬಂಡೆ ಸರಿಸಿಕೊಡುವವರು ಯಾರಪ್ಪಾ ಎಂಬುದೇ ದಾರಿಯುದ್ದಕ್ಕೂ ಅವರ ಚಿಂತೆ. ನೋಡಿದರೆ ಬಂಡೆ ಸರಿದಿದೆ, ಸಮಾಧಿ ಬರಿದಾಗಿದೆ! ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಅಷ್ಟು ಬೆಲೆ ಇರಲಿಲ್ಲ. ಇವರ ಮಾತನ್ನು ಶಿಷ್ಯರೇ ಮೊದಲು ನಂಬಲಿಲ್ಲವೆಂದು ಲೂಕ ಬರೆದಿದ್ದಾನೆ. ಆದರೂ ನಾಲ್ಕು ಸುವಾರ್ತೆಗಳೂ ಮೊದಲು ಸಮಾಧಿಗೆ ಹೋದವರು ಹೆಂಗಸರೇ ಎನ್ನುತ್ತವೆ. ಭಾನುವಾರ ನಾವು ಆರಾಧನೆಗೆ ಸೇರುವುದೂ ಆ ಬೆಳಗಿನ ನೆನಪಿಗೇ.

ಅವರಿಗೆ ಅಲ್ಲಿ ಸಿಕ್ಕಿದ ಅಪ್ಪಣೆ ಏನು ಗೊತ್ತೇ? ಇಲ್ಲೇ ಕೂತು ಕಾಯಿರಿ ಎಂದಲ್ಲ. ಆತನು ನಿಮಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗುತ್ತಾನೆ, ಶಿಷ್ಯರಿಗೆ ತಿಳಿಸಿ ಎಂದು. ಗಲಿಲಾಯವೆಂದರೆ ಅವರ ಊರು, ಬಲೆ ಬೀಸಿ ಬದುಕುತ್ತಿದ್ದ ಜಾಗ.

ಮರುದಿನ ನಾವೂ ಬಸ್ಸು ಹತ್ತಿ ಗಲಿಲಾಯಕ್ಕೆ ಹೊರಟೆವು. ಯೆರೂಸಲೇಮಿನ ಬೆಟ್ಟ ಇಳಿದು, ಯೊರ್ದನ್ ಕಣಿವೆಯಲ್ಲಿ ಉತ್ತರಕ್ಕೆ ದಾರಿ. ಗಲಿಲಾಯ ಸಮುದ್ರವೆಂದು ಹೆಸರು, ಆದರೆ ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರು. ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರು ತಗ್ಗಿನಲ್ಲಿದೆ. ತಾಬ್ಗಾ ಎಂಬಲ್ಲಿ ದಡದ ಮೇಲೆ 1933ರಲ್ಲಿ ಕರಿಕಲ್ಲಿನಲ್ಲಿ ಕಟ್ಟಿದ ಚಿಕ್ಕ ದೇವಾಲಯ. ಒಳಗೊಂದು ಬಂಡೆ, ಕ್ರಿಸ್ತನ ಊಟದ ಮೇಜು ಎಂದು ಅದರ ಹೆಸರು.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದ ಕಥೆ ಇದು. ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಬರುತ್ತಿದ್ದಾಗ ದಡದಲ್ಲಿ ಯಾರೋ ನಿಂತಿದ್ದಾರೆ. ಅವರ ಮಾತಿನಂತೆ ಮತ್ತೆ ಬಲೆ ಹಾಕಿದರೆ 153 ದೊಡ್ಡ ಮೀನು! ದಡಕ್ಕೆ ಬಂದರೆ ಕೆಂಡದ ಮೇಲೆ ಮೀನು ಬೇಯುತ್ತಿದೆ, ರೊಟ್ಟಿಯೂ ಇದೆ. ಸಾವನ್ನು ಗೆದ್ದು ಬಂದ ಸ್ವಾಮಿ ಹಸಿದವರಿಗೆ ಬೆಳಗಿನ ಊಟ ಸಿದ್ಧಮಾಡಿದ್ದ! ತನ್ನನ್ನು ಅರಿಯೆನೆಂದು ಮೂರು ಸಲ ಹೇಳಿದ್ದ ಪೇತ್ರನನ್ನು ಬೈಯಲಿಲ್ಲ. ಉಣಬಡಿಸಿ, ನನ್ನ ಮೇಲೆ ಪ್ರೀತಿ ಉಂಟೋ ಎಂದು ಮೂರು ಸಲ ಕೇಳಿ, ತನ್ನ ಕುರಿಗಳನ್ನು ಮೇಯಿಸುವ ಕೆಲಸ ಒಪ್ಪಿಸಿದ.

ಆ ಮಧ್ಯಾಹ್ನ ಊಟದ ಮನೆಯಲ್ಲಿ ಸರೋವರದ ಮೀನನ್ನು ಇಡಿಯಾಗಿ ಕರಿದು ತಂದಿಟ್ಟರು. ಪೇತ್ರನ ಮೀನು ಎಂದೇ ಅದಕ್ಕೆ ಹೆಸರು. ನಾನು ತಟ್ಟೆ ಸರಿಸಿದೆ. ಅತ್ತೆ ಸಾವಕಾಶ ಮುಳ್ಳು ಬಿಡಿಸಿ ಒಂದು ತುಂಡನ್ನು ನನ್ನ ತಟ್ಟೆಗೆ ಹಾಕಿದರು.

“ಅವನನ್ನು ಹೆತ್ತವಳು ನಾನು. ನಾನೇ ತಿನ್ನುತ್ತಾ ಇದ್ದೇನೆ. ನೀನು ಉಣ್ಣು. ಮನೆಯಲ್ಲಿ ಎರಡು ಮಕ್ಕಳು ಉಂಟು.”

ಅವರ ಕೈ ನಡುಗುತ್ತಿತ್ತು. ಎರಡು ವರ್ಷ ನಾನು ನನ್ನ ದುಃಖವೊಂದನ್ನೇ ನೋಡಿಕೊಂಡಿದ್ದೆ. ಮಗನನ್ನು ಮಣ್ಣಿಗೆ ಕೊಟ್ಟ ತಾಯಿ ನನ್ನ ಮನೆಯಲ್ಲೇ ಇದ್ದುದನ್ನು ನೋಡಿರಲಿಲ್ಲ. ಕಣ್ಣೀರಿನ ಜೊತೆಯೇ ಆ ತುಂಡು ನುಂಗಿದೆ.

ಕ್ರಿಸ್ತ ಎದ್ದಿರದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥವೆಂಬ ಅರ್ಥದಲ್ಲಿ ಪೌಲನು ಬರೆದಿದ್ದಾನೆ. ನಮಗೆ ಸಾವು ಸುಳ್ಳಲ್ಲ, ನೋವೂ ಸುಳ್ಳಲ್ಲ. ಎದ್ದು ಬಂದ ಸ್ವಾಮಿಯ ಕೈಯಲ್ಲೂ ಮೊಳೆಯ ಗಾಯ ಇತ್ತಲ್ಲ! ಆದರೆ ಸಾವಿನದೇ ಕೊನೆಯ ಮಾತಲ್ಲ, ನಮ್ಮವರನ್ನು ಮತ್ತೆ ಕಾಣುತ್ತೇವೆ ಎಂಬುದು ನಮ್ಮ ನಂಬಿಕೆ. ಅಲ್ಲಿಯವರೆಗೆ ಆತನು ನಮಗಿಂತ ಮುಂದಾಗಿ ಬಂದು ಕಾದಿರುವುದು ನಮ್ಮ ಗಲಿಲಾಯದಲ್ಲಿ, ಅಂದರೆ ನಮ್ಮ ನಮ್ಮ ಮನೆ, ಒಲೆ, ಮಕ್ಕಳ ನಡುವೆ.

ಊರಿಗೆ ಬಂದ ಮರುದಿನವೇ ಬಂಗುಡೆ ತಂದೆ. ಬ್ಯಾಡಗಿ ಮೆಣಸು, ಕಾಯಿ, ಹುಣಸೆಹುಳಿ ಅರೆದು ಮಡಕೆಯಲ್ಲಿ ಕುದಿಸಿದೆ. ಪರಿಮಳಕ್ಕೆ ಮಗಳು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಗ ಎರಡನೇ ಸಲ ಅನ್ನ ಬಡಿಸಿಕೊಂಡ. ಅತ್ತೆಗೆ ಮುಳ್ಳು ಬಿಡಿಸಿಕೊಟ್ಟವಳು ಈ ಸಲ ನಾನು.

ಸಮಾಧಿಗೆ ಈಗಲೂ ಹೋಗುತ್ತೇನೆ. ಹೂ ಇಟ್ಟು, ಪ್ರಾರ್ಥಿಸಿ, ಊಟದ ಹೊತ್ತಿಗೆ ಮನೆಗೆ ಬರುತ್ತೇನೆ. ಪಕ್ಕದ ಮನೆಯ ಅಕ್ಕನಿಗೆ ಈಸ್ಟರ್ ದಿನ ಕೇಕಿನ ತಟ್ಟೆ ಕೊಟ್ಟು ಈ ಕಥೆಯನ್ನೆಲ್ಲ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಗಾದರೆ ನೀವು ನಗುವುದು ಸರಿಯೇ” ಎಂದರು.