ಹೆಣ್ಣು ಕಡಲಿನ ಊರಲ್ಲಿ ಒಂದು ಹಲಗೆ

ರಾಮೇಶ್ವರದವರು ತಮ್ಮ ಊರಿನ ಎರಡು ಕಡಲುಗಳನ್ನು ಎರಡು ಹೆಸರಿನಿಂದ ಕರೆಯುತ್ತಾರೆ. ಉತ್ತರದ ಪಾಕ್ ಕೊಲ್ಲಿ ಶಾಂತ, ಅದು ಹೆಣ್ಣು ಕಡಲು. ದಕ್ಷಿಣದ ಮನ್ನಾರ್ ಕೊಲ್ಲಿಗೆ ಅಬ್ಬರ ಹೆಚ್ಚು, ಅದು ಗಂಡು ಕಡಲು. ನಡುವೆ ಚಾಚಿಕೊಂಡಿರುವ ಪಾಂಬನ್ ದ್ವೀಪಕ್ಕೆ ಬೇಸಿಗೆಯಿಂದ ಮಳೆಗಾಲದವರೆಗೆ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ. ಈ ಗಾಳಿಯನ್ನೇ ನಂಬಿ ಇಲ್ಲಿ ಕೈಟ್ ಸರ್ಫಿಂಗ್ ಕಲಿಸುವವರಿದ್ದಾರೆ.

ಸೊಂಟಕ್ಕೆ ಪಟ್ಟಿ ಬಿಗಿದು, ದೊಡ್ಡ ಗಾಳಿಪಟದ ಎಳೆತಕ್ಕೆ ಮೈಕೊಟ್ಟು, ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ ಇದು. ಬಿದ್ದರೂ ನೀರಿನಿಂದ ಮತ್ತೆ ಎಬ್ಬಿಸಬಹುದಾದ, ಗಾಳಿ ತುಂಬುವ ಗಾಳಿಪಟಕ್ಕೆ ಫ್ರಾನ್ಸಿನ ಲೆಗೆನ್ಯು ಸಹೋದರರು 1984ರಲ್ಲಿ ಪೇಟೆಂಟ್ ಸಲ್ಲಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟವೂ ಸೇರಿತು.

ನಮ್ಮ ಮನೆ ಮಲ್ಪೆಯ ಹತ್ತಿರ. ಹದಿನಾಲ್ಕರ ಮೊಮ್ಮಗಳಿಗೆ ಈಜು ಚೆನ್ನಾಗಿ ಬರುತ್ತದೆ. ಮೇ ತಿಂಗಳ ರಜೆಯಲ್ಲಿ ರಾಮೇಶ್ವರಕ್ಕೆ ಹೊರಟಾಗ ಅವಳು ಮೂರು ವರ್ಷ ಹುಂಡಿಗೆ ಹಾಕಿದ ದುಡ್ಡನ್ನೂ ಕಟ್ಟಿಕೊಂಡಳು. ಅಲ್ಲೇ ಸ್ವಂತ ಹಲಗೆ ಕೊಳ್ಳಬೇಕೆಂಬ ಆಸೆ. ದೇವಸ್ಥಾನದ 22 ತೀರ್ಥಗಳ ಸ್ನಾನ ಮುಗಿಸಿ ನನ್ನಾಕೆ ಕೋಣೆಯಲ್ಲಿ ಉಳಿದಳು. ನಾವಿಬ್ಬರೂ ಕಡಲ ಕಡೆ ನಡೆದೆವು.

ಕಲಿಸುವ ಯುವಕ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದವನು, ಕನ್ನಡ ಬರುತ್ತಿತ್ತು. ಮೊದಲ ದಿನ ಹಲಗೆಯನ್ನು ಮುಟ್ಟಲೂ ಬಿಡಲಿಲ್ಲ. ದಡದಲ್ಲಿ ಗಾಳಿಪಟ ಹಿಡಿಯುವುದು, ಆಮೇಲೆ ಸೊಂಟದಷ್ಟು ನೀರಿನಲ್ಲಿ ಬರೀ ಮೈಯನ್ನು ಎಳೆಸಿಕೊಳ್ಳುವುದು, ಇಷ್ಟೇ ಪಾಠ. "ಹಲಗೆ ಕಾಲಿಂದ ಜಾರಿಹೋದರೆ ಹೀಗೇ ಹೋಗಿ ತರಬೇಕಮ್ಮಾ" ಅಂದ. ಹಲಗೆಗೂ ಕಾಲಿಗೂ ಹಗ್ಗ ಕಟ್ಟಿಕೊಂಡರೆ ಅದು ಚಿಮ್ಮಿ ಬಂದು ತಲೆಗೇ ಬಡಿಯಬಹುದಂತೆ.

ಎರಡನೆಯ ದಿನ ಪ್ರವಾಸಿಯೊಬ್ಬ ಊರಿಗೆ ಹೊರಡುತ್ತ ತನ್ನ ಹಳೆಯ ಹಲಗೆ ಮಾರುತ್ತೇನೆಂದ. ಉದ್ದ 124 ಸೆಂಟಿಮೀಟರ್, ಅಗಲ 36. ಮೇಲೆ ನವಿಲುಬಣ್ಣದ ಚಿತ್ತಾರ. ಬೆಲೆ ಹುಂಡಿಯ ದುಡ್ಡಿನೊಳಗೇ ಇತ್ತು. ಮೊಮ್ಮಗಳ ಕಣ್ಣು ಅದರಿಂದ ಕೀಳಲಿಲ್ಲ.

ಯುವಕ ಬೇಡವೆನ್ನಲಿಲ್ಲ. ಬಾಡಿಗೆಯ ಬೂದುಬಣ್ಣದ ಹಲಗೆಯೊಂದನ್ನು ತಂದು ಅದರ ಪಕ್ಕ ಮರಳಿನ ಮೇಲೆ ಇಟ್ಟ. 134 ಉದ್ದ, 41 ಅಗಲ. "ಸರ್, ಇವಳ ತೂಕ ಎಷ್ಟು?" ಎಂದು ಕೇಳಿದ. ನಲವತ್ತೆರಡು ಕಿಲೋ ಎಂದೆ. ಹಲಗೆಯ ಆಯ್ಕೆ ಶುರುವಾಗುವುದೇ ತೂಕದಿಂದ. ಎಪ್ಪತ್ತು ಕಿಲೋ ತೂಗುವ ಕಲಿಕೆಯವರಿಗೆ 140ರ ಆಸುಪಾಸಿನ ಉದ್ದ ಬೇಕು. ಅಗಲದ ಹಲಗೆ ಕಡಿಮೆ ವೇಗದಲ್ಲೇ ನೀರಿನ ಮೇಲೇಳುತ್ತದೆ. ಕಿರಿದಾದದ್ದು ಮೇಲೇಳಲು ಜೋರು ಎಳೆತ ಬೇಕು, ಆ ಎಳೆತವನ್ನು ಹೊಸಬರು ತಡೆಯಲಾರರು. ಹಾಗೆಂದು ಅತಿ ದೊಡ್ಡದೂ ಆಗದು, ಜೋರು ಗಾಳಿಯಲ್ಲಿ ಅದರ ಅಂಚನ್ನು ನೀರಿಗೆ ಒತ್ತಿ ಹಿಡಿಯುವುದು ಕಷ್ಟ.

ಆಮೇಲೆ ಎರಡೂ ಹಲಗೆಗಳ ತಳ ತೋರಿಸಿದ. ನವಿಲುಬಣ್ಣದ್ದು ದೋಣಿಯಂತೆ ಬಾಗಿ, ಗಡುಸಾಗಿತ್ತು, ಜಿಗಿಯುವವರಿಗೆ ಹೇಳಿಸಿದ್ದು. ಬೂದುಬಣ್ಣದ್ದು ಚಪ್ಪಟೆ. ಚಪ್ಪಟೆ ಹಲಗೆ ಗಾಳಿಗೆ ಓರೆಯಾಗಿ ಎದುರು ಸಾಗಿ, ಹೊರಟ ದಡಕ್ಕೇ ಮರಳಿಸುತ್ತದೆ. ಅದರ ಎರಡು ತುದಿಗಳೂ ಒಂದೇ ಆಕಾರ. ಹಾಗಾಗಿ ದಿಕ್ಕು ಬದಲಿಸುವಾಗ ಕಾಲು ಅದಲುಬದಲು ಮಾಡಬೇಕಿಲ್ಲ.

"ನೀನೇ ಯೋಚಿಸು" ಎಂದೆ. ಅವಳು ಬಹಳ ಹೊತ್ತು ಎರಡನ್ನೂ ನೋಡಿದಳು. ಕೊನೆಗೆ, "ಅಜ್ಜಾ, ನಂಗೆ ಅಕ್ಕಿ ಮೇಲೆ ಅ ಬರೆಸಿದಾಗ ಎಷ್ಟು ದೊಡ್ಡದಾಗಿ ಬರೆಸಿದ್ರಿ?" ಎಂದಳು. ತಟ್ಟೆ ತುಂಬ ಎಂದೆ. ಬೂದುಬಣ್ಣದ ಹಲಗೆಯನ್ನು ಎತ್ತಿಕೊಂಡು ನೀರಿಗಿಳಿದಳು. ಮಧ್ಯಾಹ್ನದೊಳಗೆ ನವಿಲುಬಣ್ಣದ್ದು ಬೇರೆಯವರ ಪಾಲಾಯಿತು. ಅವಳ ಮುಖ ಸ್ವಲ್ಪ ಸಣ್ಣದಾದದ್ದು ನಿಜ.

ನಾಲ್ಕನೆಯ ದಿನ ಹನ್ನೊಂದು ಸಲ ಬಿದ್ದಳು. ಹನ್ನೆರಡನೆಯ ಸಲ ಎದ್ದು ನಿಂತವಳು ಎರಡು ತೆಂಗಿನಮರದ ಉದ್ದದಷ್ಟು ಜಾರಿಹೋದಳು. ದಡಕ್ಕೆ ಬಂದಿದ್ದ ಅಜ್ಜಿ, ಗಾಳಿ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತದೆಂದು ಮೂರು ದಿನ ಹೆದರಿದ್ದವಳು, ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಳು.

ಮೊಮ್ಮಕ್ಕಳನ್ನು ಕರೆದೊಯ್ಯುವ ಅಜ್ಜ ಅಜ್ಜಿಯರು ಇಷ್ಟು ನೋಡಿ: ಮಗುವಿಗೆ ಈಜು ಬರಬೇಕು. ತಲೆಗೆ ಹೆಲ್ಮೆಟ್, ಮೈಗೆ ತೇಲುವ ಜಾಕೆಟ್ ಇರಬೇಕು. ದಡದಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಇಳಿಸಬಾರದು. ಹಲಗೆಯನ್ನು ಮೊದಲು ಬಾಡಿಗೆಗೇ ಪಡೆಯಿರಿ. ಕಲಿಯುತ್ತ ಹೋದಂತೆ ಬೇಕಾದ ಹಲಗೆಯೂ ಬದಲಾಗುತ್ತದೆ, ಮಕ್ಕಳ ತೂಕವೂ ಏರುತ್ತದೆ. ಮಕ್ಕಳೇ, ತೂಕ ಕೇಳಿದರೆ ನಾಚದೆ ಇದ್ದದ್ದನ್ನು ಇದ್ದಂತೆಯೇ ಹೇಳಿ.

ಹುಂಡಿಯ ದುಡ್ಡು ಮಲ್ಪೆಗೆ ಹಾಗೆಯೇ ಮರಳಿತು. ಬರುವ ಬೇಸಿಗೆಗೆ ಅದರಲ್ಲಿ ಇನ್ನಷ್ಟು ಸೇರಲಿದೆಯಂತೆ.